ರಾಗಿಕಲ್ಲಿನ ಲಂಗರು

"ಆ ಕಲ್ಲು ಬಿಚ್ಚಿ! ಈಗಲೇ ಬಿಚ್ಚಿ!"

ದೋಣಿ ಕಟ್ಟುತ್ತಿದ್ದ ಕಾಂತರಾಜು ಬೆಚ್ಚಿ ತಿರುಗಿದ. ಕೈಯಲ್ಲಿ ಬಾಗಿನದ ಮೊರ ಹಿಡಿದ ಹುಡುಗಿಯೊಬ್ಬಳು ಚಪ್ಪಲಿ ಸಮೇತ ಕೆಸರಿಗೆ ಇಳಿದು ನಿಂತಿದ್ದಳು. ಮೂಗಿನ ತುದಿ ಕೆಂಪಾಗಿತ್ತು.

"ಯಾವ ಕಲ್ಲು ಮೇಡಂ?"

"ಹಗ್ಗದ ತುದೀಲಿ ಕಟ್ಟಿದೀರಲ್ಲ, ಅದು! ಅದು ರಾಗಿಕಲ್ಲು ಕಣ್ರೀ... ನಮ್ಮಜ್ಜೀದು!"

ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದಾಗ ಕೆಸರಿನಲ್ಲಿ ಸಿಕ್ಕಿದ್ದ ದುಂಡನೆಯ ಕಲ್ಲು ಅದು. ನಡುವೆ ತೂತಿತ್ತು. ಹಗ್ಗ ಪೋಣಿಸಲು ಹೇಳಿ ಮಾಡಿಸಿದಂತಿದೆ ಎಂದು ಕಾಂತರಾಜು ಅದನ್ನು ಲಂಗರು ಮಾಡಿಕೊಂಡಿದ್ದ.

"ನೀರಲ್ಲಿ ಬಿದ್ದಿದ್ ಕಲ್ಲು. ಯಾರ ಹೆಸ್ರೂ ಬರ್ದಿರ್ಲಿಲ್ಲ."

"ಅಂಚಲ್ಲಿ ಅರ್ಧಚಂದ್ರ ಕೆತ್ತಿಲ್ವಾ? ನೋಡಿ!"

ನೋಡಿದ. ಕೆತ್ತಿತ್ತು.

ಗೊರೂರಿನ ಅಣೆಕಟ್ಟೆಗೆ ನೀರು ನಿಂತಾಗ ಮುಳುಗಿದ ಊರು ಅವಳ ಅಜ್ಜಿ ಬೆಟ್ಟಮ್ಮನದು. ಲಾರಿಗೆ ಸಾಮಾನು ಹೇರುವ ಗಡಿಬಿಡಿಯಲ್ಲಿ ರಾಗಿಕಲ್ಲಿನ ಕೆಳಗಿನ ಹೋಳು ದುದ್ದದ ಹೊಸ ಮನೆಗೆ ಬಂತು, ಮೇಲಿನದು ಜಗಲಿಯಲ್ಲೇ ಉಳಿಯಿತು. ಆ ಅರ್ಧಚಂದ್ರದ ಕತೆ ಕೇಳಿಕೊಂಡೇ ಈ ಹುಡುಗಿ, ಮೇಘಶ್ರೀ, ಬೆಳೆದವಳು. ಹಿನ್ನೀರು ತುಂಬಿದಾಗಲೆಲ್ಲ ಬೆಟ್ಟಮ್ಮ ಬಂದು, ಮನೆಯಿದ್ದ ದಿಕ್ಕಿಗೆ ದಡದಿಂದ ಬಾಗಿನ ಬಿಡುತ್ತಿದ್ದಳು. ಈ ಸಲ ಮಂಡಿನೋವು, ಮೇಲೆ ರಸ್ತೆಯಲ್ಲಿ ಆಟೋದಲ್ಲೇ ಕೂತಿದ್ದಳು. ಮೊಮ್ಮಗಳು ಇಳಿದು ಬಂದರೆ ದಡದಲ್ಲೊಂದು ಹಲಗೆ: 'ಮೊದಲ ಸಲ ದೋಣಿ ಏರುವವರಿಗೆ.'

"ಇಷ್ಟು ದೊಡ್ಡ ನೀರಿದೆ. ನಿಮಗೆ ನಮ್ಮನೆ ಮೇಲೇ ದೋಣಿ ಓಡಿಸ್ಬೇಕಾ?"

ಈಗ ಅವನಿಗೂ ಸಿಟ್ಟು ಬಂತು.

"ದೊಡ್ಡ ನೀರಲ್ಲಿ ಮಧ್ಯಾಹ್ನ ಆದ್ರೆ ಗಾಳಿ ಎದ್ದು ಅಲೆ ಒಡೀತದೆ! ಹೊಸಬ್ರು ಅಲ್ಲಿ ಒಂದ್ಸಲ ಹೆದರಿದ್ರೆ ಮುಗೀತು, ಇನ್ನು ಜನ್ಮದಲ್ಲಿ ದೋಣಿ ಹತ್ತಲ್ಲ. ಇಲ್ಲಿ ಗುಡ್ಡ ಅಡ್ಡ ಐತೆ, ಸೆಳವಿಲ್ಲ. ಆ ಕಡೆ ಮರದ ತುಂಬ ಬೆಳ್ಳಕ್ಕಿ. ಇಡೀ ಹಿನ್ನೀರು ಸುತ್ತಿ ಹುಡುಕಿದ ಜಾಗ ಇದು!"

"ಹುಡುಕ್ದೋರು ಕೆಳಗೇನಿದೆ ಅಂತ ಕೇಳ್ಬೇಕಿತ್ತು! ಅಡುಗೆಮನೆ ಇದೆ ರೀ... ನಮ್ಮಪ್ಪನ ತೊಟ್ಟಿಲು ಕಟ್ಟಿದ್ದ ಜಾಗ ಇದೆ! ಅದರ ಮೇಲೆ ಜನರನ್ನ ಕೂರಿಸಿ ಸೆಲ್ಫಿ ತೆಗೆಸ್ತೀರಾ?"

ಕಾಂತರಾಜು ತಟ್ಟನೆ ಕಣ್ಣು ಕೆಳಗಿಳಿಸಿದ. ಅವಳು ಬಾಗಿನವನ್ನು ಅಲ್ಲೇ ನೀರಿಗಿಟ್ಟು, ತಿರುಗಿಯೂ ನೋಡದೆ ದಿಬ್ಬ ಹತ್ತಿದಳು.

ಹಾಸನದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವಾಗಲೂ ಮೇಘಶ್ರೀಯ ಆ ಸಿಟ್ಟು ಆರಲಿಲ್ಲ. ಗಿರಾಕಿಗಳ ಕಣ್ಣಳತೆ ತೆಗೆಯುವಾಗ ನಡುವೆ ಇನ್ನೊಂದು ಜೊತೆ ಕಣ್ಣು ನೆನಪಾಗುತ್ತಿತ್ತು. ಬೈಸಿಕೊಂಡು ತಟ್ಟನೆ ಕೆಳಗಿಳಿದ ಕಣ್ಣು.

'ಛೀ! ಅವನ ಕಣ್ಣು ಕಟ್ಕೊಂಡು ನನಗೇನು?'

ಶನಿವಾರ ಸಂಜೆ ಬಸ್ಸಿಳಿದು ಬಂದರೆ ಮನೆ ಮುಂದೆ ಒಂದು ಬೈಕು. ಜಗಲಿಯಲ್ಲಿ ಅದೇ ಕಾಂತರಾಜು! ಕೈಯಲ್ಲಿ ಮಜ್ಜಿಗೆ ಲೋಟ. ಪಕ್ಕದಲ್ಲಿ ರಾಗಿಕಲ್ಲು... ಕೆಳಗಿನ ಹೋಳಿನ ಮೇಲೆ ಮೇಲಿನ ಹೋಳು ಕೂತಿತ್ತು. ಅಜ್ಜಿ ಅದರ ಅಂಚು ಸವರುತ್ತಿದ್ದಳು.

ಮೇಘಶ್ರೀ ಚೀಲವನ್ನು ಧೊಪ್ಪನೆ ಕೆಳಗಿಟ್ಟಳು.

"ಓ... ಕಲ್ಲು ಕೊಟ್ಟು ಅಜ್ಜಿನ ಒಲಿಸ್ಕೊಂಡು, ಆ ಜಾಗ ಉಳಿಸ್ಕೊಳ್ಳೋ ಪ್ಲಾನಾ?"

ಕಾಂತರಾಜು ಎದ್ದು ನಿಂತ. ಲೋಟ ಕೆಳಗಿಟ್ಟ.

"ಹಲಗೆ ಕಿತ್ತಾಯ್ತು ಮೇಡಂ. ದೋಣಿ ಬೇರೆ ಕಡೆ ಸಾಗಿಸಿದೀನಿ. ಕಲ್ಲು ಯಾರ್ದೋ ಅವರಿಗೆ ಸೇರ್ಬೇಕಿತ್ತು, ಆಟೋದೋರನ್ನ ವಿಚಾರ್ಸಿ ಮನೆ ಹುಡ್ಕಂಡು ತಂದೆ. ಬತ್ತೀನಿ."

"ಕುಂತ್ಕಳ್ಲಾ!" ಬೆಟ್ಟಮ್ಮ ಗುಡುಗಿದಳು. "ಜಾಗ ಬಿಟ್ಬುಟ್ಯಾ? ಯಾರ್ನ ಕೇಳ್ಬುಟ್ಟು ಬಿಟ್ಟೆ?"

"ಅಜ್ಜಿ, ನಾನೇ ಅವರಿಗೆ..."

"ನೀನ್ ಸುಮ್ಕಿರೇ! ಊರು ಮುಳುಗಿದ್ದು ನಂದು. ಸಿಟ್ಟು ಮಾತ್ರ ನಿಂದಾ?"

ಮುದುಕಿಯ ಕಣ್ಣು ಕೆಂಪಾಗಿತ್ತು.

"ಗಾಳಿ ಒಡೆಯಾಕಿಲ್ಲ ಅಂತ್ಲೇ ಇರೀಕರು ಅಲ್ಲಿ ಊರು ಕಟ್ಟಿದ್ದು ಕಣ್ಲಾ. ಅಂಥಾದ್ದೇ ಜಾಗ ನೀನೂ ಉಡುಕ್ದೆ. ನನ್ ಕೂಸು ಅಲ್ಲಿ ಎದರ್ಕಳ್ದೆ ಬೆಳೀತು. ಬ್ಯಾರೇರ ಮಕ್ಳು ಅಲ್ಲಿ ನಗಾಡುದ್ರೆ ನಂಗ್ಯಾಕೆ ಒಟ್ಟೆ ಉರಿ? ನನ್ ಸಿಟ್ಟೇ ಬ್ಯಾರೆ! ಇಷ್ಟು ವರ್ಸ ದಡದಾಗೆ ನಿಂತು ಬಾಗ್ನ ಬುಟ್ಟೆ. ಒಬ್ರಾದ್ರೂ, ಬಾ, ನಿನ್ ಮನೆ ತಾವ್ಕೆ ಕರ್ಕಂಡ್ ಓಯ್ತೀನಿ ಅಂದ್ರಾ? ಇವ್ಳು ನನ್ ಪರವಾಗಿ ಜಗಳ ಆಡ್ತಾಳೆ. ದೋಣಿ ಅಂದ್ರೆ ಗಡಗಡ ನಡುಗ್ತಾಳೆ!"

ಮೇಘಶ್ರೀಗೆ ಕೆನ್ನೆಗೆ ಹೊಡೆದಂತಾಯಿತು. 'ಹೌದು... ನಾನು ಒಂದು ಸಲವೂ ಕೇಳಲೇ ಇಲ್ಲವಲ್ಲ!'

"ನಾಳೆ ಬೆಳಿಗ್ಗೆ ಕರ್ಕಂಡ್ ಹೋಗ್ತೀನಿ ಅಜ್ಜಿ," ಎಂದ ಕಾಂತರಾಜು. ಆಮೇಲೆ ಮೇಘಶ್ರೀಯತ್ತ ನೋಡದೆಯೇ ಸೇರಿಸಿದ, "ಹೆದರೋರಿಗೂ ಜಾಕೆಟ್ ಐತೆ."

"ಯಾರ್ ಹೆದರ್ತಾರೆ?" ಎಂದು ಉರಿದುಬಿದ್ದಳು.

ಮರುದಿನ ದೋಣಿ ದಡ ಬಿಟ್ಟ ಕೂಡಲೇ ಅವಳು ಕಣ್ಣು ಮುಚ್ಚಿ ದೋಣಿಯ ಅಂಚನ್ನು ಅವುಚಿ ಹಿಡಿದಳು. ಆದರೆ ಕಾಯುತ್ತಿದ್ದ ಓಲಾಟ ಬರಲೇ ಇಲ್ಲ. ಮೆಲ್ಲಗೆ ಕಣ್ಣು ಬಿಟ್ಟಳು. ನೀರು ಸಾರಿಸಿಟ್ಟ ಅಂಗಳದಂತೆ ಮಲಗಿತ್ತು. ಮರದಿಂದ ಬೆಳ್ಳಕ್ಕಿಗಳೆದ್ದು ಅದರ ಮೇಲೆ ಹಾರಿ ಹೋದವು.

"ಎಡಕ್ಕೆ ಓಗು... ಆ ಬಂಡೆ ಗುಡ್ಡದ ಮೂಗಿಗೆ ನ್ಯಾರ ಬರ್ಲಿ... ಊಂ. ಇದೇ ಕಣ್ಲಾ, ನಮ್ ಒಸ್ಲು!"

ಬೆಟ್ಟಮ್ಮ ಮೊರವನ್ನು ನೀರಿನ ಮೇಲಿಟ್ಟಳು. ದಡದಲ್ಲಿ ಬಿಟ್ಟದ್ದು ಯಾವಾಗಲೂ ಹಿಂದಕ್ಕೆ ತೇಲಿ ಬರುತ್ತಿತ್ತು. ಇದು ಅಲ್ಲೇ ನಿಂತಿತು. ಅಜ್ಜಿ ಸೆರಗು ಬಾಯಿಗಿಟ್ಟು ಆ ಕಡೆ ತಿರುಗಿದಳು.

"ರೀ... ಸ್ವಲ್ಪ ಹೊತ್ತು ಇಲ್ಲೇ ನಿಲ್ಲಿಸಿ," ಮೇಘಶ್ರೀ ಪಿಸುಗುಟ್ಟಿದಳು.

"ಹೆಂಗೆ ನಿಲ್ಸೋದು? ಲಂಗರು ನಿಮ್ಮ ಜಗಲಿ ಮೇಲೈತೆ."

ನಗು ಬಂತು, ಬಿಗಿಹಿಡಿದಳು. "ನನಗಿನ್ನೂ ಸಿಟ್ಟು ಹೋಗಿಲ್ಲ."

"ಗೊತ್ತು." ಅವನು ಹುಟ್ಟನ್ನು ಮಡಿಲಿಗೆ ಎಳೆದುಕೊಂಡ. "ಅವತ್ತು ನೀವು ಬೈದಾಗಿಂದ ನಿದ್ದೆ ಬರ್ಲಿಲ್ಲ. ಕಲ್ಲಿನ ಋಣ ಅಂದ್ಕಂಡೆ. ನಿನ್ನೆ ಕಲ್ಲು ಕೊಟ್ಟೆ... ರಾತ್ರಿ ಆಗ್ಲೂ ನಿದ್ದೆ ಬರ್ಲಿಲ್ಲ ಮೇಘಶ್ರೀ."

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಹಲಗೆ ಮತ್ತೆ ಹಾಕಿ," ಎಂದಳು ನೀರನ್ನೇ ನೋಡುತ್ತ. "ಭಾನುವಾರ ಭಾನುವಾರ ಬಂದು ನೋಡ್ತೀನಿ. ಯಾರಾದ್ರೂ ಇಲ್ಲಿ ಪ್ಲಾಸ್ಟಿಕ್ ಎಸೆದ್ರೆ, ಬೈಗುಳ ನಿಮಗೇ!"

"ಎಸೀದಿದ್ರೆ?"

"ಆಗ್ಲೂ ನಿಮಗೇ!"

ದೋಣಿಯ ಅಂಚು ಬಿಟ್ಟ ಅವಳ ಕೈ ಅವನ ಕೈ ಮೇಲೆ ಕೂತಿತು. ಲಂಗರಿಲ್ಲದ ದೋಣಿ ಎಲ್ಲಿಗೂ ಹೋಗಲಿಲ್ಲ.