ಯಾವ ಮುಖ ಹೊರಗೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಹೆಂಗಸು ದೂರು ಕೊಡಲಿಲ್ಲ, ಎಸೆದಳು. ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಬಿದ್ದದ್ದು ಇಲಾಖೆಯ ವರದಿಯ ನಕಲು. ಆಕೆಯ ದನಿಗೆ ಫ್ಯಾನು ಕೂಡ ಒಂದು ಸುತ್ತು ಮರೆತಿರಬೇಕು. ಹೋದ ವಾರ ದರೋಡೆಕೋರರ ಅಡ್ಡೆಯ ಮೇಲಿನ ದಾಳಿಯಲ್ಲಿ ರೈಫಲ್ ಗುಂಡಿಗೆ ಸತ್ತ ಕಾನ್‌ಸ್ಟೆಬಲ್‌ನ ಅಕ್ಕ ಆಕೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಗುಂಡು ತಡೆಯುವ ಎದೆಕವಚದ ಹಲಗೆಯನ್ನು ಅವನೇ ಉಲ್ಟಾ ಹಾಕಿಕೊಂಡಿದ್ದ, ಸಾವಿಗೆ ಅವನ ಅಜಾಗರೂಕತೆಯೇ ಕಾರಣ ಎಂದು ವರದಿ ಹೇಳುತ್ತಿತ್ತು.

"ನನ್ನ ತಮ್ಮ ಕಾಲುಚೀಲಕ್ಕೂ ಇಸ್ತ್ರಿ ಹಾಕ್ತಿದ್ದ ಸಾರ್. ಅಂಥೋನು ಕವಚ ಉಲ್ಟಾ ಹಾಕ್ಕೊಂಡ್ನಾ? ಆ ಸಾಲು ಹೊಡೆದುಹಾಕೋವರೆಗೂ ಈ ಕುರ್ಚಿ ಬಿಡಲ್ಲ."

ಬಿಡಲೂ ಇಲ್ಲ. ಅದು ಹೆಡ್ ಕಾನ್‌ಸ್ಟೆಬಲ್‌ನ ಕುರ್ಚಿ. ಅವನು ನಿಂತೇ ಎಫ್‌ಐಆರ್ ಬರೆದ.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಕವಚ ಹೊತ್ತುಕೊಂಡು ಆಯುಧ ತಜ್ಞನ ಹತ್ತಿರ ಹೋದರು. ರುಬ್ಬುಗಲ್ಲೇ ವಾಸಿ ಅನ್ನುವಷ್ಟು ಭಾರ.

"ಇದು ಉಕ್ಕಾ?"

"ಅಲ್ಲ ಸಾರ್. ಹೊರಗಡೆ ಸೆರಾಮಿಕ್, ಕಲ್ಲಿಗಿಂತ ಗಟ್ಟಿ. ಗುಂಡಿನ ಮೂತಿ ಅದಕ್ಕೆ ಬಡಿದು ಚೂರಾಗಬೇಕು. ಒಳಗಡೆ ನಾರಿನ ಪದರ, ಅದು ಚೂರುಗಳನ್ನ ಹಿಡ್ಕೋಬೇಕು. ಉಲ್ಟಾ ಆದ್ರೆ ಗುಂಡು ಚೂಪಾಗೇ ಬಂದು ನಾರು ಸೀಳುತ್ತೆ, ಆಮೇಲೆ ಕಲ್ಲು ಒಡೆದು ಅದರ ಚೂರೂ ಎದೆಗೇ ಹೋಗುತ್ತೆ. ಹಿಂದೆ ಹಿಡಿಯೋರು ಯಾರೂ ಇರಲ್ಲ."

"ಅವನೇ ತಿರುಗಿಸಿರಬಹುದಾ?"

ತಜ್ಞ ಹಲಗೆ ಕೂತಿದ್ದ ಚೀಲದ ಬಾಯಿ ತೋರಿಸಿದ. ಉದ್ದಕ್ಕೂ ಮಿಷಿನ್ ಹೊಲಿಗೆ. ಒಂದು ಎಳೆಯೂ ಬಿಚ್ಚಿರಲಿಲ್ಲ.

ಹಲಗೆಗಳಿಗೆ ಹೊಸ ಚೀಲ ಹೊಲಿದಿದ್ದ ದರ್ಜಿ ಪೊಲೀಸರನ್ನು ಕಂಡದ್ದೇ ಕತ್ತರಿ ಕೆಳಗಿಟ್ಟು ಅತ್ತುಬಿಟ್ಟ. ಹಲಗೆಯ ಮೇಲೆ 'ಈ ಮುಖ ಹೊರಗೆ' ಎಂದು ಬರೆದದ್ದನ್ನು ಅವನು ಓದಿದ್ದ. ಆದರೂ ಕೈ ಕೇಳಲಿಲ್ಲ.

"ನಮ್ಮ ಕಸುಬಲ್ಲಿ ಬಟ್ಟೆಯ ಹೊರಮುಖ ಒಳಗಿಟ್ಟೇ ಹೊಲಿಯೋದು ಸಾರ್, ಆಮೇಲೆ ಮಗುಚೋದು. ಹಲಗೇನೂ ಹಾಗೇ ಇಟ್ಟುಬಿಟ್ಟೆ. ಹಲಗೆ ಮಗುಚಲ್ವಲ್ಲ. ಹೊಳೆದ ತಕ್ಷಣ ಹೋಗಿ ಸ್ಟೋರ್ ಸಾಹೇಬರಿಗೆ ಹೇಳ್ದೆ, ಎಲ್ಲಾ ಬಿಚ್ಚಿ ಸರಿಮಾಡ್ತೀನಿ ಅಂದೆ. ನಾನು ನೋಡ್ಕೋತೀನಿ, ಹೋಗು ಅಂದ್ರು."

ದರ್ಜಿ ತನ್ನ ಹತ್ತಿರ ಬಂದೇ ಇಲ್ಲ ಎಂದರು ಕವಚ ಹಂಚುವ ಪೊಲೀಸ್ ಸ್ಟೋರಿನ ಅಧಿಕಾರಿ. ಅವರ ಮುಖದಲ್ಲಿ ಬೆವರಿನ ಹನಿಯೂ ಇರಲಿಲ್ಲ. ಹಾಲು ಕುಡಿದ ಬೆಕ್ಕಾದರೂ ಮೀಸೆ ನೆಕ್ಕುತ್ತದೆ, ಇವರು ಅದನ್ನೂ ಮಾಡಲಿಲ್ಲ.

ಮಂಗಳವಾರ ಬೆಳಿಗ್ಗೆ ಸ್ಟೋರಿನ ಅಂಗಳದಲ್ಲಿ, ಇಬ್ಬರು ಪಂಚರ ಎದುರು, ದಾಳಿಗೆ ಹೋದವರೆಲ್ಲರ ಕವಚಗಳನ್ನು ಸಾಲಾಗಿ ಇಟ್ಟು ಪಂಚನಾಮೆ ನಡೆಯಿತು. ಹೆಡ್ ಕಾನ್‌ಸ್ಟೆಬಲ್ ಒಂದೊಂದನ್ನೇ ಬಿಚ್ಚಿದ. ಉಲ್ಟಾ. ಉಲ್ಟಾ. ಮತ್ತೆ ಉಲ್ಟಾ. ಅವನ್ನೇ ತೊಟ್ಟುಕೊಂಡು ದಾಳಿಗೆ ನುಗ್ಗಿದ್ದವರು ಸುತ್ತ ನಿಂತು ಹಲ್ಲು ಕಡಿಯುತ್ತಿದ್ದರು.

ಕೊನೆಯದು, ಎಲ್ಲರೂ ಒಂಟೆ ಎಂದು ಕರೆಯುತ್ತಿದ್ದವನ ಕವಚ. ಬಾಗಿಲಿನ ಚೌಕಟ್ಟಿಗೆಲ್ಲ ಹಣೆ ಬಡಿಸಿಕೊಳ್ಳುವಷ್ಟು ಉದ್ದನೆಯ ಆ ಕಾನ್‌ಸ್ಟೆಬಲ್ ಸ್ಟೋರ್ ಅಧಿಕಾರಿಯ ಒಬ್ಬನೇ ಮಗ. ಅವನ ಚೀಲದ ಬಾಯಿಗೆ ಮಾತ್ರ ಕಂದು ದಾರದ ದಪ್ಪ ಕೈಹೊಲಿಗೆ. ಹಲಗೆ ಸರಿಯಾಗಿತ್ತು.

"ಇದನ್ನ ಯಾರು ಹೊಲಿದದ್ದು?"

"ಅಪ್ಪ, ಸಾರ್. ದಾಳಿಗೆ ಮುಂಚೆ, ಹೊಲಿಗೆ ಬಿಟ್ಟಿದೆ ತಾ ಅಂತ ಇಸ್ಕೊಂಡು ಮನೇಲೇ..."

ಒಂಟೆ ಬಿಚ್ಚಿದ ಕವಚಗಳ ಸಾಲನ್ನು ಒಮ್ಮೆ ನೋಡಿದ, ಅಪ್ಪನನ್ನು ಒಮ್ಮೆ ನೋಡಿದ.

"ಅಪ್ಪಾ, ಸತ್ತೋನೂ ನಾನೂ ಒಂದೇ ಬಾಗಿಲಲ್ಲಿ ನುಗ್ಗಿದ್ವಿ. ಅವನು ನನ್ನ ಪಕ್ಕದಲ್ಲೇ ಇದ್ದ."

ಹನ್ನೊಂದೂವರೆಗೆ ಸ್ಟೋರ್ ಅಧಿಕಾರಿಯ ಬಂಧನವಾಯಿತು. ಹೇಳಿಕೆ ಚಿಕ್ಕದು. ದರ್ಜಿಯಿಂದ ಕವಚಗಳು ಬಂದ ದಿನ ಒಂದನ್ನೂ ನೋಡದೆ, ಎಲ್ಲ ಪರೀಕ್ಷಿಸಿದ್ದೇನೆ ಎಂದು ಸಹಿ ಹಾಕಿದ್ದರು. ಆ ತಿಂಗಳೇ ಬಡ್ತಿ ಬರುವುದಿತ್ತು. ಎಲ್ಲವನ್ನೂ ಬಿಚ್ಚಿಸಿದರೆ ಗುಟ್ಟು ಬಯಲಾಗುತ್ತಿತ್ತು. ಒಂದನ್ನು ಮಾತ್ರ ಬಿಚ್ಚಿದರೆ ಬಯಲಾಗುತ್ತಿರಲಿಲ್ಲ.

ಠಾಣೆಯಲ್ಲಿ ಅಕ್ಕ ಅದೇ ಕುರ್ಚಿಯಲ್ಲಿದ್ದಳು. ವರದಿಯ ಆ ಸಾಲನ್ನು ತೆಗೆಯಬೇಕೆಂದು ಇನ್‌ಸ್ಪೆಕ್ಟರ್ ಬರೆದ ಪತ್ರವನ್ನು ಓದಿಸಿ ಕೇಳಿದಳು. ಆಮೇಲೆ ಎದ್ದು, ಲಾಕಪ್ಪಿಗೆ ಹೊರಟಿದ್ದ ಸ್ಟೋರ್ ಅಧಿಕಾರಿಯ ದಾರಿಗೆ ಅಡ್ಡ ನಿಂತಳು. ಇಬ್ಬರು ಕಾನ್‌ಸ್ಟೆಬಲ್‌ಗಳು ಆಕೆಯ ಕೈ ಹಿಡಿಯಲು ಸಿದ್ಧರಾದರು. ಆಕೆ ಕೈ ಎತ್ತಲಿಲ್ಲ.

"ಮಗನ ಕವಚ ಬಿಚ್ಚಿ ಹೊಲಿಯೋಕೆ ಎಷ್ಟು ಹೊತ್ತಾಯ್ತು?"

ಸ್ಟೋರ್ ಅಧಿಕಾರಿ ನೆಲ ನೋಡಿದರು.

"ಅರ್ಧ ಗಂಟೆ."