ಒಗಾವಾ-ಸಾನ್ ಕೊಟ್ಟ ಮೂರು ಮಾರ್ಕ್ಸ್

ಇಡೀ ಜಗತ್ತು ಮೂಗು ಬಾಯಿ ಮುಚ್ಚಿಕೊಂಡು ಮನೆಯೊಳಗೆ ಕೂತಿದ್ದ 2020ರ ಮೇ ತಿಂಗಳಲ್ಲಿ, ಜಪಾನಿನ ಇಚಿಕಾವಾದ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ, ಮನುಕುಲದ ಗತಿಯನ್ನೇ ತೀರ್ಮಾನಿಸುವಂಥ ಪ್ರಶ್ನೆಯೊಂದು ಊಟದ ಮೇಜಿನ ಮೇಲೆ ಬಂದು ಕೂತಿತ್ತು. ದೀಕ್ಷಾಳಿಗೆ ಕೊಡಿಸುವ ಲ್ಯಾಪ್‌ಟಾಪು ಮ್ಯಾಕೋ, ವಿಂಡೋಸೋ?

“ಮ್ಯಾಕ್,” ಅಂದಳು ದೀಕ್ಷಾ, ಚಪಾತಿ ಹರಿಯುತ್ತ.

“ವಿಂಡೋಸ್,” ಅಂದರು ಅಪ್ಪ. “ಅದರ ದುಡ್ಡಿಗೆ ಇದು ಎರಡು ಬರುತ್ತೆ. ವ್ಯಾಲ್ಯೂ ಅಂತ ಒಂದಿದೆ, ಪುಟ್ಟಿ.”

“ನಂಗೆ ಎರಡು ಬೇಡ. ಒಂದೇ ಸಾಕು. ಮ್ಯಾಕ್.”

ಅಮ್ಮನ ಹಳೆಯ ಲ್ಯಾಪ್‌ಟಾಪು ಹೋದ ವಾರ ತೀರಿಕೊಂಡಿತ್ತು. ಆನ್‌ಲೈನ್ ಭರತನಾಟ್ಯ ಕ್ಲಾಸಿನಲ್ಲಿ ದೀಕ್ಷಾ ಒಂದು ಕಾಲು ಎತ್ತಿದ್ದಳು. ಟೀಚರ್ “ಇಳಿಸು” ಅನ್ನುವ ಮೊದಲೇ ಸ್ಕ್ರೀನು ಕಪ್ಪಾಯಿತು.

ಅಪ್ಪ ಪ್ರಹ್ಲಾದ ಸಾಫ್ಟ್‌ವೇರ್ ಕಂಪನಿಯವರು. ಈಗ ಮಲಗುವ ಕೋಣೆಯೇ ಅವರ ಆಫೀಸು. ಆ ಆಫೀಸಿನಲ್ಲಿ ಗಿರಾಕಿಗಳನ್ನು ಕೇಳದೆ ಒಂದು ಬಟನ್ನಿನ ಬಣ್ಣವನ್ನೂ ಬದಲಾಯಿಸುತ್ತಿರಲಿಲ್ಲ.

“ಸರಿ, ಭಾನುವಾರ ಡಿಬೇಟ್,” ಅಂದರು. “ಕಸ್ಟಮರ್ ಸ್ಯಾಟಿಸ್‌ಫ್ಯಾಕ್ಷನ್ ಎಷ್ಟಿದೆ ನೋಡೋಣ. ಯೂಸ್ ಮಾಡೋರನ್ನ ಕೇಳ್ಕೊಂಡು ಬಾ, ಐದಕ್ಕೆ ಎಷ್ಟು ಮಾರ್ಕ್ಸ್ ಅಂತ. ನೀನು ಗೆದ್ರೆ ಮ್ಯಾಕೇ ಆರ್ಡರ್ ಮಾಡ್ತೀನಿ.”

“ಪ್ರಾಮಿಸ್? ಜಡ್ಜ್ ಯಾರು?”

ಇಬ್ಬರೂ ಅಮ್ಮನ ಕಡೆ ತಿರುಗಿದರು.

“ನನ್ನನ್ನ ಯಾರಾದ್ರೂ ಕೇಳಿದ್ರಾ?” ಅಂದರು ಅಮ್ಮ. ಯಾರೂ ಕೇಳಿರಲಿಲ್ಲ.

ದೀಕ್ಷಾ ಮೊದಲು ಫೋನ್ ಮಾಡಿದ್ದು ಅಪ್ಪನ ಗೆಳೆಯ ಉಮಾಶಂಕರ್ ಅಂಕಲ್‌ಗೆ. ಅವರ ಹತ್ತಿರ ಮ್ಯಾಕ್ ಇತ್ತು.

“ಐದು!” ಅಂಕಲ್ ಕೂಗಿದರು. “ಆರು ಇದ್ರೆ ಆರು ಹಾಕ್ಕೋ ಪುಟ್ಟಾ!”

ಅಂಕಲ್ ಎಲ್ಲಕ್ಕೂ ಐದು ಕೊಡುವವರೇ. ಕೊಂಬಿನಿ ಅಂಗಡಿಯ ಕಾಫಿಗೂ ಐದು, ತಾವು ಹಾಡಿದ ಹಾಡಿಗೂ ಐದು. ಇದನ್ನು ಜಡ್ಜ್‌ಗೆ ತಿಳಿಸುವ ಅಗತ್ಯ ದೀಕ್ಷಾಳಿಗೆ ಕಾಣಲಿಲ್ಲ.

ವಿಂಡೋಸ್ ಬಳಸುವವರೆಂದು ಅವಳಿಗೆ ಸಿಕ್ಕಿದ್ದು ಕೆಳಗಿನ ಮನೆಯ ಒಗಾವಾ-ಸಾನ್. ಎಪ್ಪತ್ತು ದಾಟಿದ ಅಜ್ಜಿ, ಒಬ್ಬರೇ ಇದ್ದರು. ಬಾಗಿಲ ಮುಂದಿನ ಕುಂಡಗಳಿಗೆ ನೀರು ಹಾಕುತ್ತಿದ್ದರು. ದೀಕ್ಷಾ ದೂರ ನಿಂತು, ಮಾಸ್ಕಿನೊಳಗಿಂದಲೇ ಜಪಾನಿ ಭಾಷೆಯಲ್ಲಿ ಕೇಳಿದಳು.

ಒಗಾವಾ-ಸಾನ್ ತುಂಬ ಹೊತ್ತು ಯೋಚಿಸಿದರು. “ಫುತ್ಸೂ,” ಅಂದರು ಕೊನೆಗೆ. ಅಂದರೆ, ಸಾಧಾರಣ. “ಮೂರು ಅನ್ನೋಣವೇ?”

ಮೂರು! ದೀಕ್ಷಾ ಒಂದೊಂದು ಸಲಕ್ಕೆ ಎರಡೆರಡು ಮೆಟ್ಟಿಲು ಹಾರಿ ಮನೆಗೆ ಓಡಿದಳು.

ಭಾನುವಾರದ ಡಿಬೇಟಿನಲ್ಲಿ ಅಪ್ಪ ಬೆಲೆ ಹೇಳಿದರು, ಗ್ಯಾರಂಟಿ ಹೇಳಿದರು, ಮತ್ತೆ ಬೆಲೆ ಹೇಳಿದರು.

“ಚೀಪ್ ಇರಬಹುದು ಅಪ್ಪಾ,” ಅಂದಳು ದೀಕ್ಷಾ. “ಬಟ್ ಕಸ್ಟಮರ್ ಈಸ್ ಸ್ಯಾಡ್. ಒಗಾವಾ-ಸಾನ್ ಕೊಟ್ಟಿದ್ದು ಮೂರೇ! ಪಾಪ, ಒಬ್ರೇ ಇರ್ತಾರೆ. ಅದೂ ಬ್ಯಾಡ್ ಕಂಪ್ಯೂಟರ್ ಜೊತೆ!”

ಅಮ್ಮನಿಗೆ ಕಣ್ಣು ತುಂಬಿದ ಹಾಗಾಯಿತು. ತೀರ್ಪು ಮ್ಯಾಕ್ ಕಡೆಗೆ ಬಂತು. ನಾಳೆ ಸಂಜೆ ಮೀಟಿಂಗ್ ಮುಗಿದ ಮೇಲೆ ಆರ್ಡರ್ ಮಾಡುತ್ತೇನೆ ಎಂದು ಅಪ್ಪ ಒಪ್ಪಿಕೊಂಡರು.

ಗೆದ್ದವರಿಗೆ ಕರುಣೆ ಜಾಸ್ತಿ. ಸೋಮವಾರ ಬೆಳಿಗ್ಗೆ ಕಸದ ಚೀಲ ಇಡಲು ಹೋದಾಗ ದೀಕ್ಷಾ ಒಗಾವಾ-ಸಾನ್‌ಗೆ ಸಮಾಧಾನ ಹೇಳಿದಳು: ನಿಮ್ಮ ಕಂಪ್ಯೂಟರ್ ಸರಿಯಿಲ್ಲ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಜಾರಾಗಿದೆ, ನೀವೂ ಮ್ಯಾಕ್ ತಗೊಳ್ಳಿ.

ಮಾಸ್ಕಿನ ಮೇಲಿನ ಎರಡು ಕಣ್ಣು ದೊಡ್ಡವಾದವು. “ಸುಮಿಮಾಸೆನ್,” ಅಂದರು ಒಗಾವಾ-ಸಾನ್. ಅವರು ಯಾಕೆ ಕ್ಷಮೆ ಕೇಳುತ್ತಿದ್ದಾರೆಂದು ದೀಕ್ಷಾಳಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಬೆಲ್ ಆಯಿತು. ಒಗಾವಾ-ಸಾನ್ ಒಂದು ಡಬ್ಬಿ ಹಿಡಿದು, ಬಾಗಿಲಿನಿಂದ ದೂರ ನಿಂತು ಅಮ್ಮನಿಗೆ ಬಗ್ಗಿ ನಮಸ್ಕರಿಸಿದರು. ಅಮ್ಮನಿಗೆ ಜಪಾನಿ ಅಷ್ಟಕ್ಕಷ್ಟೆ. ದೀಕ್ಷಾಳೇ ಮಧ್ಯೆ ನಿಂತಳು.

“ನಾನು ಕಂಪ್ಯೂಟರ್ ಮೇಲೆ ದೂರು ಹೇಳಿದ ಹಾಗಾಯಿತು, ಕ್ಷಮಿಸಬೇಕು,” ಅಂದರು ಒಗಾವಾ-ಸಾನ್. “ಫುಕುವೋಕಾದಲ್ಲಿರುವ ಮಗ ಆರಿಸಿ ಕಳಿಸಿದ್ದು ಅದು. ಈ ಸಲ ರಜೆಗೂ ಅವನಿಗೆ ಬರಲಾಗಲಿಲ್ಲ. ಮೊಮ್ಮಗನ ಹಲ್ಲು ಬಿದ್ದಿದ್ದನ್ನು ಅದರಲ್ಲೇ ನೋಡಿದೆ. ಬಾಯಿ ತೆರೆದು ತೆರೆದು ತೋರಿಸಿದ. ಅದು ನನಗೆ ಇಷ್ಟವಿಲ್ಲ ಅನ್ನುವ ಮಾತು ಮಗನ ಕಿವಿಗೆ ಬೀಳದಿರಲಿ.”

“ಮತ್ತೆ ಮೂರೇ ಯಾಕೆ ಕೊಟ್ರಿ?”

“ಮೂರು ಕೊಟ್ಟಿದ್ದೇ ಜಾಸ್ತಿಯಾಯಿತೇನೋ ಅನ್ನಿಸಿತು. ನಮ್ಮದನ್ನು ನಾವೇ ಹೊಗಳಿಕೊಂಡ ಹಾಗೆ.”

“ಏನಂತೇ?” ಅಂದರು ಅಮ್ಮ.

ದೀಕ್ಷಾ ಡಬ್ಬಿಯನ್ನು ನೋಡಿದಳು. “ಸೆನ್ಬೇ ಅಂತೆ. ತಿನ್ನಿ ಅಂತ ಕೊಟ್ರು.”

ಅದು ಸುಳ್ಳಲ್ಲ. ಡಬ್ಬಿಯಲ್ಲಿ ಅಕ್ಕಿಯ ಗರಿಗರಿ ಸೆನ್ಬೇ ಇತ್ತು. ಅಮ್ಮ “ಅರಿಗಾತೋ, ಅರಿಗಾತೋ” ಅಂದರು. ಒಗಾವಾ-ಸಾನ್ ಇನ್ನೊಮ್ಮೆ ಬಗ್ಗಿ ಹೊರಟುಹೋದರು.

ಅಡುಗೆಮನೆಯಲ್ಲಿ ಅಮ್ಮ ಒಂದು ಸೆನ್ಬೇ ಮುರಿದು ಬಾಯಿಗಿಟ್ಟುಕೊಂಡರು. “ಹೂಂ. ಪರವಾಗಿಲ್ಲ.” ಕೈ ಆಗಲೇ ಎರಡನೆಯದಕ್ಕೆ ಹೋಗಿತ್ತು.

ದೀಕ್ಷಾ ನೋಡುತ್ತಲೇ ಇದ್ದಳು. “ಅಮ್ಮಾ, ಪರವಾಗಿಲ್ಲ ಅಂದ್ರೆ ಎಷ್ಟು? ಔಟ್ ಆಫ್ ಫೈವ್?”

“ಮೂರು ಅಂತಿಟ್ಕೋ.”

“ಅಂದ್ರೆ ಚೆನ್ನಾಗಿಲ್ವಾ?”

“ಹಾಗಂತ ಯಾರಂದ್ರು? ಡಬ್ಬಿ ಈ ಕಡೆ ತಾ.”

ದೀಕ್ಷಾ ಡಬ್ಬಿ ಕೊಟ್ಟು ಮಲಗುವ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು. ಅಪ್ಪನ ಮೀಟಿಂಗ್ ಸಂಜೆಯವರೆಗೂ ನಡೆಯಿತು. ಮುಗಿದ ಮೇಲೆ ಅಪ್ಪ ಹೆಡ್‌ಫೋನ್ ತೆಗೆದು, “ಬಾ ಬಾ, ವಿನ್ನರ್! ನೀನೇ ಬಟನ್ ಒತ್ತು,” ಅಂದರು. ಸ್ಕ್ರೀನಿನಲ್ಲಿ ಬೆಳ್ಳಿ ಬಣ್ಣದ ಮ್ಯಾಕ್ ಹೊಳೆಯುತ್ತಿತ್ತು.

“ಅಪ್ಪಾ, ಮಾರ್ಕ್ಸ್ ರಾಂಗ್ ಆಗಿದೆ. ಒಗಾವಾ-ಸಾನ್ ಅವರ ಮೂರು, ಮೂರಲ್ಲ.”

“ಮತ್ತೆಷ್ಟು?”

“ಐದು.” ಸ್ವಲ್ಪ ಯೋಚಿಸಿ ಸೇರಿಸಿದಳು, “ಉಮಾಶಂಕರ್ ಅಂಕಲ್ ಕೊಟ್ಟಿದ್ರೆ ಏಳು ಆಗ್ತಿತ್ತು.” ಆಮೇಲೆ ಬಾಗಿಲಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಮೊಮ್ಮಗನ ಹಲ್ಲಿನ ವಿಷಯವನ್ನೂ ಬಿಡಲಿಲ್ಲ.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. “ಹಂಗಾದ್ರೆ ಎರಡಕ್ಕೂ ಐದೈದು. ಉಳಿದಿದ್ದು ನನ್ನ ವ್ಯಾಲ್ಯೂ ಪಾಯಿಂಟ್ ಮಾತ್ರ. ಡಿಬೇಟ್ ಗೆದ್ದಿದ್ದು ಯಾರು ಹೇಳು?”

ದೀಕ್ಷಾ ಬೆಳ್ಳಿ ಬಣ್ಣವನ್ನು ಇನ್ನೊಂದು ಸಲ ನೋಡಿದಳು.

“ನೀನು,” ಅಂದಳು. ಮಾಸ್ಕ್ ಹಾಕಿಕೊಂಡು ಮೆಟ್ಟಿಲಿಳಿದಳು. ಮಗನಿಗೆ ಯಾರೂ ಏನೂ ಹೇಳುವುದಿಲ್ಲ ಎಂದು ಒಗಾವಾ-ಸಾನ್‌ಗೆ ತಿಳಿಸಬೇಕಿತ್ತು.

ಶನಿವಾರ ವಿಂಡೋಸ್ ಲ್ಯಾಪ್‌ಟಾಪು ಬಂತು.