ಹೊರಗಿನಿಂದ ಬಿದ್ದ ಬೀಗ

ಸೋಮವಾರ ಬೆಳಗ್ಗೆ ಐದೂಮುಕ್ಕಾಲಿಗೆ ಠಾಣೆಯ ಫೋನು ಹೊಡೆದುಕೊಂಡಿತು.

"ಸಾರ್, ನಮ್ಮನೆಗೆ ಯಾರೋ ಹೊರಗಿಂದ ಬೀಗ ಜಡಿದಿದ್ದಾರೆ. ಒಳಗೆ ಸಿಕ್ಕಾಕೊಂಡಿದೀವಿ."

ಕುಡುಕರ ಚೇಷ್ಟೆಯೆಂದು ಹೆಡ್ ಕಾನ್‌ಸ್ಟೇಬಲ್ ಫೋನಿಟ್ಟ. ಠಾಣೆಯಲ್ಲಿ ಅವನಿಗೆ ಮೀಸೆ ಎಂದೇ ಹೆಸರು. ಇಟ್ಟ ಕೈ ಎತ್ತುವಷ್ಟರಲ್ಲಿ ಮತ್ತೊಂದು ಕರೆ, ಅದೇ ಬೀದಿ, ಅದೇ ದೂರು. ಐದನೆಯ ಕರೆಗೆ ಅವನ ಮೀಸೆ ಇಳಿಬಿತ್ತು. ಹೋಗಿ ಇನ್ಸ್‌ಪೆಕ್ಟರನ್ನು ಎಬ್ಬಿಸಿದ.

ಜೀಪು ಹೋಗಿ ನಿಂತಾಗ ಬೆಳಕು ಹರಿದಿತ್ತು. ಕಿರಿದಾದ ಬೀದಿ, ಗೋಡೆಗೆ ಗೋಡೆ ಅಂಟಿದ ಹನ್ನೆರಡು ಮನೆಗಳು, ಒಂದಕ್ಕೂ ಹಿಂಬಾಗಿಲಿಲ್ಲ. ಕೊನೆಯ ಮನೆಯ ಟೈಲರ್, ಒಂದು ಕಾಲು ಎಳೆಯುವ ಮುದುಕ, ಕಬ್ಬಿಣದ ಸಲಾಕೆ ಹಿಡಿದು ಬೀಗಗಳನ್ನು ಮೀಟುತ್ತಿದ್ದ. ಅವನ ಮನೆಯೊಂದನ್ನು ಬಿಟ್ಟು ಹನ್ನೊಂದು ಮನೆಗಳ ಹೊರಚಿಲಕಕ್ಕೂ ಹೊಸ ಬೀಗ ಬಿದ್ದಿತ್ತು. ಅವನು ಮೊದಲು ಒಡೆದದ್ದು ಬೀದಿ ಸಂಘದ ಅಧ್ಯಕ್ಷರ ಮನೆಯದನ್ನು. ಬಾಗಿಲು ಬಡಿದೂ ಬಡಿದೂ ಎದೆ ಹಿಡಿದುಕೊಂಡು ಕುಸಿದಿದ್ದ ಅಧ್ಯಕ್ಷರನ್ನು ಆಂಬುಲೆನ್ಸ್ ಆಗಲೇ ಒಯ್ದಿತ್ತು.

ಹೊರಬಂದವರು ಬಿಡಿಸಿದವನ ಮೇಲೆಯೇ ಹರಿಹಾಯ್ದರು.

"ಇವನದೇ ಕೆಲಸ ಸಾರ್. ಇವನ ಮನೆಗೆ ಮಾತ್ರ ಯಾಕೆ ಬೀಗ ಬಿದ್ದಿಲ್ಲ, ಕೇಳಿ!" ಎಂದಳು ಅಧ್ಯಕ್ಷರ ಸೊಸೆ. "ಎಂಟು ವರ್ಷದಿಂದ ಇವನಿಗೂ ನಮಗೂ ಮಾತಿಲ್ಲ. ಇಲ್ದಿದ್ರೆ ನಮ್ಮ ಬೀದಿ ಅಂದ್ರೆ ಒಂದೇ ಮನೆ ಇದ್ದ ಹಾಗೆ. ಮೂರು ತಲೆಮಾರಿಂದ ಹಂಗೇ ಬಂದಿದೀವಿ."

ಒಂದೇ ಮನೆಯಂತಿರುವ ಬೀದಿಗಳನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ಕಂಡಿದ್ದ. ಕೇಳಿದರೆ ಸಕ್ಕರೆ ಕೊಡುತ್ತಾರೆ, ಸಾಕ್ಷಿ ಕೇಳಿದರೆ ಮಾತ್ರ ಗುರುತೇ ಮರೆತುಹೋಗುತ್ತದೆ. ಅವನು ಅಕ್ರಮ ಬಂಧನದ ಎಫ್‌ಐಆರ್‌ಗೆ ಹೇಳಿ, ಪಂಚನಾಮೆ ಮುಗಿಸಿ, ಮನೆಯಿಂದ ಮನೆಗೆ ಹೇಳಿಕೆ ತೆಗೆದುಕೊಳ್ಳುತ್ತ ಹೋದ.

"ಮೊದಲು ಗೊತ್ತಾಗಿದ್ದು ಹೇಗೆ?"

"ಮೂಲೆ ಮನೆಯವರು ಬಾಗಿಲು ಬಡೀತಿದ್ರು. ಆಮೇಲೆ ಪಕ್ಕದವರು."

"ಅಷ್ಟು ದೂರ ಕೇಳಿಸ್ತಾ?"

"ಕೇಳಿಸದೆ ಏನು ಸಾರ್? ಆ ತುದೀಲಿ ಕೆಮ್ಮಿದ್ರೆ ಈ ತುದೀಲಿ ಎಚ್ಚರ ಆಗುತ್ತೆ."

ಹನ್ನೊಂದು ಮನೆಯವರೂ ಅದನ್ನೇ ಹೇಳಿದರು. ಮೀಸೆ ಬರೆದ, ಅವರು ಓದಿ ನೋಡಿ ಸಹಿ ಹಾಕಿದರು.

ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಟೈಲರನ ಹೊಲಿಗೆ ಯಂತ್ರದ ಮುಂದೆ ಸ್ಟೂಲು ಎಳೆದುಕೊಂಡು ಕೂತ.

"ನಿಮ್ಮ ಮನೆ ಯಾಕೆ ಬಿಟ್ಟರು, ಯಜಮಾನರೇ?"

"ಅವತ್ತು ನಾನು ಬಾಗಿಲು ತೆಗೆದಿದ್ದೆ. ಅದಕ್ಕಿರಬೇಕು."

"ಯಾವತ್ತು?"

"ಎಂಟು ವರ್ಷದ ಹಿಂದೆ. ಮೂರನೇ ಮನೆ ಮಹಡೀಲಿ ಗಂಡ ಹೆಂಡತಿ ಬಾಡಿಗೆಗಿದ್ರು. ಹೊಡೆಯೋನು. ಅವತ್ತು ಆ ಹುಡುಗಿ ತಪ್ಪಿಸ್ಕೊಂಡು ಒಂದೊಂದೇ ಬಾಗಿಲು ಬಡೀತಾ ಬಂದ್ಲು. ಅಕ್ಕಾ ತೆಗೀರಿ, ಮಾವಾ ತೆಗೀರಿ ಅಂತ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂದ್ಕೊಂಡು ಎಲ್ಲಾ ಸುಮ್ಮನಿದ್ರು. ನಾನು ತೆಗೆದೆ. ಈ ಕಾಲಲ್ಲಿ ಏನು ಬಲ ಇದೆ ಸಾರ್? ಅವಳ ಗಂಡ ಒಂದೇ ಸಲ ತಳ್ಳಿ ನನ್ನನ್ನ ಬೀಳಿಸಿ ಅವಳನ್ನ ಎಳ್ಕೊಂಡು ಹೋದ. ಬೆಳಗ್ಗೆ ಅವಳ ಹೆಣ ಮೆಟ್ಟಿಲ ಕೆಳಗಿತ್ತು. ಜಾರಿ ಬಿದ್ಲು ಅಂದ."

"ಪೊಲೀಸರು ಬರಲಿಲ್ವಾ?"

"ಬಂದಿದ್ರು. ಗೋಡೆ ದಪ್ಪ ಸಾರ್, ಏನೂ ಕೇಳಿಸಲಿಲ್ಲ ಅಂದ್ರು ಎಲ್ಲಾ. ನಾನೊಬ್ಬ ಕೇಳಿಸ್ತು ಅಂದೆ. ಹನ್ನೊಂದು ಬಾಯಿ ಮುಂದೆ ಒಂದು ಬಾಯಿ ನಡೆಯುತ್ತಾ? ಕೇಸು ಮುಚ್ಚಿದ್ರು. ಬೀದಿಗೆ ಕೆಟ್ಟ ಹೆಸರು ತಂದೆ ಅಂತ ನನ್ನ ಜೊತೆ ಮಾತು ಬಿಟ್ರು."

"ಆ ಹುಡುಗಿ ಕಡೆಯವರು ಯಾರಿದಾರೆ?"

ಟೈಲರ್ ಸೂಜಿಗೆ ದಾರ ಪೋಣಿಸಲು ಹೋದ. ದಾರ ಮೂರು ಸಲ ಪಕ್ಕಕ್ಕೆ ಹೋಯಿತು. "ಒಬ್ಬ ಅಕ್ಕ ಇದ್ಲು. ಈಗೆಲ್ಲಿದಾಳೋ ನಂಗೊತ್ತಿಲ್ಲ."

ಗೊತ್ತಿದೆ ಎಂದು ಇನ್ಸ್‌ಪೆಕ್ಟರ್‌ಗೆ ಗೊತ್ತಾಯಿತು. ಆದರೂ ಒತ್ತಾಯಿಸುವ ಮನಸ್ಸಾಗಲಿಲ್ಲ.

ಠಾಣೆಗೆ ಬಂದು ಪಂಚನಾಮೆಯನ್ನು ಗಟ್ಟಿಯಾಗಿ ಓದಿಸಿದ. ಮೀಸೆ ನಿದ್ದೆಗಣ್ಣಲ್ಲಿ ಓದುತ್ತಿದ್ದ. "ಒಡೆಯದೆ ಉಳಿದಿದ್ದ ಬಾಗಿಲುಗಳಲ್ಲಿ ಬೀಗದ ಕೊಂಡಿಗೆ ನೇತುಹಾಕಿದ ಹಾಲಿನ ಚೀಲ, ಚೀಲದೊಳಗೆ ಎರಡು ಪ್ಯಾಕೆಟ್..."

"ನಿಲ್ಲಿಸು. ಚೀಲ ಯಾವುದಕ್ಕೆ ನೇತುಬಿದ್ದಿತ್ತು ಅಂದೆ?"

"ಬೀಗಕ್ಕೆ ಸಾರ್. ದಿನಾ ಚಿಲಕಕ್ಕೆ ಹಾಕ್ತಾರಂತೆ, ಇವತ್ತು ಬೀಗಕ್ಕೆ."

"ಹಂಗಾದ್ರೆ ಮೊದಲು ಬಿದ್ದಿದ್ದು ಬೀಗ, ಆಮೇಲೆ ಬಂದಿದ್ದು ಹಾಲು. ಹಾಲು ಹಾಕಿದ ಕೈ ಹನ್ನೊಂದು ಬೀಗ ಮುಟ್ಟಿಯೂ ಯಾರಿಗೂ ಹೇಳಲಿಲ್ಲ." ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡ. "ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತಲ್ಲಯ್ಯಾ!"

ನಾಲ್ಕು ವರ್ಷದಿಂದ ಆ ಬೀದಿಗೆ ಹಾಲು ಹಾಕುವವಳನ್ನು ಎಲ್ಲರೂ ಹಾಲಿನಕ್ಕ ಎನ್ನುತ್ತಿದ್ದರು. ಅವಳಿಗೊಂದು ಹೆಸರಿದೆ, ಊರಿದೆ, ಒಡಹುಟ್ಟಿದವರಿದ್ದರು ಎಂದು ಯಾರೂ ವಿಚಾರಿಸಿರಲಿಲ್ಲ. ಹಾಲಿನ ಬೂತಿನ ಹಿಂದೆ ಖಾಲಿ ಕ್ರೇಟುಗಳನ್ನು ತೊಳೆಯುತ್ತಿದ್ದವಳು ಪೊಲೀಸರನ್ನು ಕಂಡು ನಲ್ಲಿ ನಿಲ್ಲಿಸಿದಳು.

"ಬೆಳಗ್ಗೆ ಬೀಗ ನೋಡಲಿಲ್ವೇನಮ್ಮ?"

"ನೋಡಿದೆ."

"ಯಾಕೆ ಹೇಳಲಿಲ್ಲ?"

"ನಾನೇ ಹಾಕಿದ್ದಲ್ವಾ ಸಾರ್." ಸೊಂಟದಿಂದ ಕೀಗೊಂಚಲು ತೆಗೆದು ಕ್ರೇಟಿನ ಮೇಲಿಟ್ಟಳು.

"ಬೀಗ ಹಾಕಿದ ಮೇಲೆ ಹಾಲು ಯಾಕೆ ಇಟ್ಟೆ?"

"ಅದಕ್ಕೆ ದುಡ್ಡು ಕೊಟ್ಟಿದಾರೆ. ಹಾಲಲ್ಲಿ ನಾನು ಮೋಸ ಮಾಡಲ್ಲ."

"ಆ ಅಧ್ಯಕ್ಷರು ಸತ್ತಿದ್ರೆ?"

"ಅದಕ್ಕೇ ಟೈಲರಪ್ಪನ ಮನೆ ಬಿಟ್ಟೆ, ತೆಗೆಯೋರು ಒಬ್ಬರಾದ್ರೂ ಇರಲಿ ಅಂತ. ನನ್ನ ತಂಗಿಗೆ ಆ ಒಬ್ಬರು ಸಾಲಲಿಲ್ಲ. ಸತ್ತಿದ್ರೂ ನಾನು ಅಳ್ತಿರಲಿಲ್ಲ ಸಾರ್. ಬರ್ಕೊಳ್ಳಿ ಅದನ್ನೂ. ದಿನಾ ಬೆಳಗ್ಗೆ ಅವರ ಬಾಗಿಲಿಗೆ ಹೋಗಿ, ನಗ್ತಾ ಹಾಲು ಕೊಟ್ಟು ಬರೋದು ಅಂದ್ರೆ ಬೆಂಕಿ ನುಂಗಿದ ಹಾಗೆ. ತಂಗೀನ ಕಟ್ಕೊಂಡಿದ್ದ ಆ ಗಂಡಸು ಇನ್ನೊಂದು ಮದುವೆ ಆಗಿ ಬೇರೆ ಬೀದೀಲಿದಾನೆ. ಅಲ್ಲೂ ಗೋಡೆ ದಪ್ಪ ಇರಬೇಕು."

ಮೀಸೆ ಬರೆಯುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಸಾರ್, ಎಲ್ಲರ ಹೇಳಿಕೆ ತಗೊಂಡ್ರಾ?"

"ತಗೊಂಡೆ."

"ಬಾಗಿಲು ಬಡಿದಿದ್ದು ಕೇಳಿಸ್ತು ಅಂದ್ರಾ?"

ಇನ್ಸ್‌ಪೆಕ್ಟರ್‌ಗೆ ಆಗ ಹೊಳೆಯಿತು. "ಅಂದ್ರು. ಆ ತುದಿಯ ಕೆಮ್ಮು ಈ ತುದಿಗೆ ಕೇಳಿಸುತ್ತೆ ಅಂದ್ರು."

"ಎಲ್ಲಾರೂ?"

"ಎಲ್ಲಾರೂ. ಸಹಿ ಹಾಕಿದಾರೆ."

ಅವಳು ಅಲ್ಲೇ ಕ್ರೇಟಿನ ಮೇಲೆ ಕುಸಿದು ಕೂತಳು. ಅಳುತ್ತಾಳೆ ಎಂದುಕೊಂಡರೆ ನಕ್ಕಳು. "ಸರಿ, ನಡೀರಿ" ಎಂದು ತಾನೇ ಮುಂದಾಗಿ ಜೀಪು ಹತ್ತಿದಳು. ದಸ್ತಗಿರಿಯ ಸಮಯ ಮಧ್ಯಾಹ್ನ ಮೂರೂವರೆ.

ಬಂಧನದ ಸುದ್ದಿಯ ಜೊತೆಗೆ ಅವಳು ಯಾರ ಅಕ್ಕ ಎಂಬುದೂ ಬೀದಿ ಮುಟ್ಟಿತು. ಸಂಜೆ ಅಧ್ಯಕ್ಷರ ಸೊಸೆ ಠಾಣೆಗೆ ಬಂದಳು. ಹಿಂದೆ ಬೀದಿಗೆ ಬೀದಿಯೇ ನಿಂತಿತ್ತು. ಮಾವನಿಗೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅವಳ ಚಿಂತೆ ಬೇರೆ ಇತ್ತು.

"ಸಾರ್, ನಮ್ಮ ಹೇಳಿಕೇಲಿ ಆ ಕೇಳಿಸ್ತು ಅನ್ನೋ ಮಾತೊಂದನ್ನ ತೆಗೆದುಬಿಡಿ. ಗಾಬರೀಲಿ ಏನೋ ಅಂದ್ವಿ."

"ಓದಿ ನೋಡಿ ಸಹಿ ಹಾಕಿದ್ದೀರಲ್ಲಮ್ಮ."

"ಹಳೇದೆಲ್ಲ ಯಾಕೆ ಸಾರ್ ಕೆದಕೋದು?"

"ನಾನು ಹಳೇ ವಿಷಯ ಎತ್ತಲೇ ಇಲ್ವಲ್ಲ," ಎಂದ ಇನ್ಸ್‌ಪೆಕ್ಟರ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವರು ಹೋದ ಮೇಲೆ ಇನ್ಸ್‌ಪೆಕ್ಟರ್ ಆ ಹನ್ನೊಂದು ಹೇಳಿಕೆಗಳ ಪ್ರತಿ ಲಗತ್ತಿಸಿ, ಎಂಟು ವರ್ಷದ ಹಿಂದಿನ ಸಾವಿನ ತನಿಖೆಯನ್ನು ಮತ್ತೆ ತೆರೆಯಲು ಅನುಮತಿ ಕೋರಿ ಮೇಲಧಿಕಾರಿಗೆ ಬರೆದ. ನಂತರ ಬೀಗದ ಪ್ರಕರಣದ ಫೈಲು ಎಳೆದುಕೊಂಡ. ಆರೋಪಿಯ ಉದ್ದೇಶ ಎಂಬಲ್ಲಿ ಮೀಸೆ 'ಹಳೆಯ ದ್ವೇಷ' ಎಂದು ಗೀಚಿಟ್ಟಿದ್ದ. ಇನ್ಸ್‌ಪೆಕ್ಟರ್ ಅದನ್ನು ಹೊಡೆದುಹಾಕಲಿಲ್ಲ, ಅದು ಸುಳ್ಳಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ: ಆ ಬೀದಿಯಲ್ಲಿ ಬಾಗಿಲು ಬಡಿದರೆ ಎಲ್ಲರಿಗೂ ಕೇಳಿಸುತ್ತದೆ ಎಂದು ಅವರ ಬಾಯಿಂದಲೇ ಹೇಳಿಸುವುದು.